ಭಾರವನ್ನೆಳೆಯುವ ಕುದುರೆಗಳು

ಕುದುರೆಯೆಂದೊಡನೆ ನಮ್ಮ ನಾಡಿನವರ ಮನಸ್ಸಿಗೆ ಬರುವುದು ಓಡುವ ಕುದುರೆಯೇ. ಜೈಮಿನಿ ಭಾರತವನ್ನು ಓದಿದವರಿಗೆ ಧರ್ಮರಾಯನ ಯಜ್ಞಾಶ್ವವು ನೆನಪಾಗುವುದು. ಸತ್ಯವೇದವನ್ನು ಓದುವವರಿಗೆ ಯೋಬನ ಗ್ರಂಥದ 39ನೆಯ ಅಧ್ಯಾಯದಲ್ಲಿ ವರ್ಣಿತವಾದ ರಣರಂಗದ ಕುದುರೆಯು ಕಣ್ಣಿಗೆ ಕಟ್ಟುವುದು. ಇನ್ನು ನಾವು ಕಣ್ಣಾರೆ ಕಂಡವುಗಳೆಂದರೆ ದಸರೆಯ ಮೆರವಣಿಗೆಯ ಕುದುರೆಗಳು, ಮದುವೆಯ ಸಾರೋಟಿನ ಕುದುರೆಗಳು, ಮತ್ತು ರೈಲು ನಿಲ್ದಾಣದ ಬಾಗಿಲಲ್ಲಿ ಹುರುಳಿಯ ಚೀಲಕ್ಕೆ ಮೂತಿಯನ್ನಿಟ್ಟು ನಿಲ್ಲುತ್ತಿದ್ದ ಬಡಪಾಯಿ ಜಟಕಾ ಕುದುರೆಗಳು. ಇವುಗಳಲ್ಲಿ ಯಾವುದೂ ಈ ಲೇಖನದ ವಿಷಯವಲ್ಲ. ಆನೆಯ ಮರಿಯಂತೆ ಮೈತುಂಬಿ, ಹೆಜ್ಜೆಯ ಮೇಲೆ ಹೆಜ್ಜೆಯನ್ನಿಟ್ಟು ಟನ್ನುಗಟ್ಟಲೆ ಭಾರವನ್ನೆಳೆಯುವುದಕ್ಕಾಗಿಯೇ ಯೂರೋಪಿನ ಜನರು ತಲೆತಲಾಂತರದಿಂದ ಬೆಳೆಯಿಸಿದ ಭಾರೀ ಕುದುರೆಗಳನ್ನು ಕುರಿತು ನಾವು ನಾಲ್ಕು ಮಾತುಗಳನ್ನು ಬರೆಯಬಯಸುತ್ತೇವೆ.

ಇದಕ್ಕೆ ಕಾರಣವನ್ನೂ ಹೇಳಿಬಿಡಬೇಕು. ಭೌತಶಾಸ್ತ್ರದ ಪಾಠದಲ್ಲಿ 'ಅಶ್ವಶಕ್ತಿ' ಎಂಬ ಮಾತು ಬಂದಾಗಲೆಲ್ಲಾ ತರಗತಿಯಲ್ಲಿ ಒಬ್ಬಳಾದರೂ ಹುಡುಗಿಯು ಎದ್ದು ನಿಂತು, ಆ ಅಶ್ವವು ಯಾವುದೆಂದು ಕೇಳದೆ ಬಿಡುವುದಿಲ್ಲ. ಈ ಸಂಚಿಕೆಯನ್ನೋದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಹಾಗೆ ಕೇಳಿದವರೇ ಆಗಿದ್ದೀರಿ. ಗಂಟೆ ಹೊಡೆಯುವುದರೊಳಗೆ ಹೇಳಿ ಮುಗಿಸುವ ಉತ್ತರವು ಅದಲ್ಲ.

ಹದಿನೆಂಟನೆಯ ಶತಮಾನದ ಕೊನೆಗೆ ಜೇಮ್ಸ್ ವಾಟ್ ಎಂಬವನು ತನ್ನ ಉಗಿಯಂತ್ರವನ್ನು ಮಾರಬೇಕಾಗಿದ್ದುದು ಗಿರಣಿಗಳಲ್ಲಿಯೂ ಮದ್ಯದ ಭಟ್ಟಿಗಳಲ್ಲಿಯೂ ಕುದುರೆಗಳಿಂದ ಗಾಣ ತಿರುಗಿಸುತ್ತಿದ್ದ ಯಜಮಾನರಿಗೆ. ನಿನ್ನ ಯಂತ್ರವು ಎಷ್ಟು ಕುದುರೆಗಳ ಕೆಲಸವನ್ನು ಮಾಡೀತು ಎಂಬುದೊಂದೇ ಅವರ ಪ್ರಶ್ನೆ. ಆದುದರಿಂದ ಅವನು ಲೆಕ್ಕಹಾಕಿ, 33,000 ಪೌಂಡುಗಳನ್ನು ಒಂದು ನಿಮಿಷದಲ್ಲಿ ಒಂದು ಅಡಿ ಎತ್ತುವ ಶಕ್ತಿಯೇ ಒಂದು ಅಶ್ವಶಕ್ತಿಯೆಂದು ಗೊತ್ತುಮಾಡಿದನು. ಈಗಿನ ಅಳತೆಯಲ್ಲಿ ಅದು ಸುಮಾರು 746 ವಾಟ್ ಆಗುವುದು. ಆ ಅಳತೆಗೆ ಅವನ ಹೆಸರೇ ಬಂದುದು ಚಮತ್ಕಾರವಾಗಿದೆ.

ಈ ಲೆಕ್ಕವನ್ನು ಕುದುರೆಯ ಮೈಯ ಮೇಲೆಯೇ ಮಾಡಿ ನೋಡಬಹುದು. ಕುದುರೆಯು ಬೆಳಗಿನಿಂದ ಸಂಜೆಯ ತನಕ ಕೆಡದೆ ದುಡಿಯಬೇಕಾದರೆ ತನ್ನ ತೂಕದ ಹತ್ತರಲ್ಲೊಂದು ಪಾಲಿನಷ್ಟು ಬಲದಿಂದ ಎಳೆಯಬಲ್ಲದೆಂಬುದು ಬಂಡಿಯವರ ಹಳೆಯ ಅನುಭವ. 1,500 ಪೌಂಡು ತೂಗುವ ಕುದುರೆಯೊಂದು 150 ಪೌಂಡು ಬಲದಿಂದ ಎಳೆಯುತ್ತಾ ಗಂಟೆಗೆ ಎರಡೂವರೆ ಮೈಲಿ ನಡೆಯುವುದೆಂದು ಇಟ್ಟುಕೊಳ್ಳೋಣ. ಎರಡೂವರೆ ಮೈಲಿಯೆಂದರೆ ನಿಮಿಷಕ್ಕೆ 220 ಅಡಿ. 150ನ್ನು 220ರಿಂದ ಗುಣಿಸಿದರೆ ಬರುವುದು ಸರಿಯಾಗಿ 33,000! ಹೀಗೆ ಒಂದು ಅಶ್ವಶಕ್ತಿಯನ್ನು ದಿನವೆಲ್ಲಾ ಕೊಡುವ ಅಶ್ವವು ನಮ್ಮ ಜಟಕಾ ಕುದುರೆಯ ಎರಡರಷ್ಟಾದರೂ ತೂಗಬೇಕು. ಕ್ಷಣಮಾತ್ರಕ್ಕೆ ಎಳೆಯಬಲ್ಲ ಬಲವಾದರೋ ಬೇರೆ. ಅಮೆರಿಕದಲ್ಲಿ ನಡೆದ ಎಳೆತದ ಪಂದ್ಯಗಳ ಅಳತೆಗಳನ್ನು ವಿಮರ್ಶಿಸಿ ಇಬ್ಬರು ವಿಜ್ಞಾನಿಗಳು 1993ರಲ್ಲಿ ಬರೆದಂತೆ, ಕುದುರೆಯೊಂದು ಕೆಲವು ಸೆಕೆಂಡುಗಳ ಮಟ್ಟಿಗೆ ಸುಮಾರು 15 ಅಶ್ವಶಕ್ತಿಯನ್ನು ತೋರಿಸಬಲ್ಲದು.

ಭಾರೀ ಕುದುರೆಗಳ ಗಾತ್ರವನ್ನು ಓದುಗರು ಊಹಿಸಿಕೊಳ್ಳಬೇಕಾದರೆ ಅಳತೆಯನ್ನು ಹೇಳಬೇಕಾಗುವುದು. ಇಂಗ್ಲಿಷರು ಕುದುರೆಯ ಎತ್ತರವನ್ನು ಅಂಗೈಯ ಅಗಲದಿಂದ ಲೆಕ್ಕಿಸುವರು. ಒಂದು ಕೈಯೆಂದರೆ 4 ಅಂಗುಲ. ಅಳೆಯುವುದು ತಲೆಯ ತನಕ ಅಲ್ಲ, ಕತ್ತು ಬೆನ್ನನ್ನು ಸೇರುವ ಎಡೆಯ ತನಕ. ಶಾಯರ್ ಎಂಬ ಇಂಗ್ಲಿಷ್ ತಳಿಯ ಒಳ್ಳೆಯ ಗಂಡುಕುದುರೆಯು 17 ಕೈ, ಅಂದರೆ 5 ಅಡಿ 8 ಅಂಗುಲ ಎತ್ತರವಿದ್ದು, ಸುಮಾರು ಒಂದು ಟನ್ನು ತೂಗುವುದು. ನಮ್ಮಲ್ಲಿ ಸಾಧಾರಣ ಎತ್ತರದ ಹೆಂಗಸೊಬ್ಬಳು ಅದರ ಪಕ್ಕದಲ್ಲಿ ನಿಂತರೆ ಅದರ ಬೆನ್ನಿನಾಚೆ ಏನಿದೆಯೆಂಬುದು ಕಾಣಿಸದು. 1846ರಲ್ಲಿ ಬೆಡ್‌ಫರ್ಡ್ ಸೀಮೆಯಲ್ಲಿ ಹುಟ್ಟಿದ ಸ್ಯಾಮ್ಸನ್ ಎಂಬ ಕುದುರೆಯು 21 ಕೈಗಿಂತಲೂ ಎತ್ತರವಾಗಿ ಬೆಳೆದು ಒಂದೂವರೆ ಟನ್ನು ತೂಗಿತೆಂದು ದಾಖಲೆಯುಂಟು. ಅದರಷ್ಟು ಎತ್ತರದ ಕುದುರೆಯು ಹಿಂದೆಯೂ ಮುಂದೆಯೂ ದಾಖಲೆಯಾಗಿಲ್ಲ.

ಇಷ್ಟು ತೂಕವು ಏಕೆ ಬೇಕು? ಬಲವೆಲ್ಲಾ ಮಾಂಸಖಂಡದಲ್ಲಿದೆಯಲ್ಲಾ, ತೂಕದಿಂದೇನೆಂದು ಕೆಲವರು ಕೇಳಬಹುದು. ಕುದುರೆಯು ಬಂಡಿಯನ್ನು ಎಳೆಯುವುದೆಂದು ನಾವು ಹೇಳಿದರೂ ನಿಜವಾಗಿ ಅದು ನೂಕುವುದು. ಹಿಂಗಾಲುಗಳನ್ನು ನೆಲಕ್ಕೆ ಊರಿ ತನ್ನ ಮೈಯನ್ನೇ ಮುಂದಕ್ಕೆ ನೂಕಿ, ಭುಜದ ಮೇಲಿರುವ ಪಟ್ಟಿಗೆ ತನ್ನ ಭಾರವನ್ನು ಒಪ್ಪಿಸುವುದು. ಮೈ ಹಗುರವಾಗಿದ್ದರೆ ಗೊರಸು ಜಾರುವುದು. ಎಷ್ಟು ಬಲವಿದ್ದರೂ ವ್ಯರ್ಥ. ಕುದುರೆಯು ದಿಣ್ಣೆಯನ್ನೇರುವಾಗ ತಲೆಯನ್ನು ತಗ್ಗಿಸಿ, ಮೊಣಕಾಲು ಮಡಿಸಿ, ಎದೆಯನ್ನು ನೆಲಕ್ಕೆ ಸಮೀಪವಾಗಿ ತರುವುದು ಈ ಕಾರಣದಿಂದಲೇ. ಈ ತಲೆ ತಗ್ಗಿಸುವ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಕೆಲಸವುಂಟು. ಸವಾರಿಯ ಕುದುರೆಗೆ ಭುಜದ ಮೂಳೆಯು ಓರೆಯಾಗಿರುವುದು ಒಳ್ಳೆಯದು, ಹೆಜ್ಜೆಯು ಉದ್ದವಾಗುವುದು. ಎಳೆಯುವ ಕುದುರೆಗಾದರೋ ಅದು ಹೆಚ್ಚು ನೆಟ್ಟಗಿದ್ದು ಪಟ್ಟಿಗೆ ಗೋಡೆಯಂತೆ ಆನಿಕೆಯಾಗಬೇಕು. ಗಿಡ್ಡ ಬೆನ್ನು, ಅಗಲವಾದ ನಡು, ದಪ್ಪ ಮೂಳೆ, ತಟ್ಟೆಯಗಲದ ಗೊರಸು, ಇವೆಲ್ಲಕ್ಕಿಂತ ಮಿಗಿಲಾಗಿ ಶಾಂತವಾದ ಸ್ವಭಾವ, ಇವನ್ನೇ ಒಕ್ಕಲಿಗರು ಆರಿಸಿ ಆರಿಸಿ ತಳಿಯನ್ನು ಕಟ್ಟಿದರು. ಒಂದು ಟನ್ನು ತೂಗುವ ಪ್ರಾಣಿಯು ಕಾಗದದ ಚೂರಿಗೆ ಬೆದರಿ ಓಡುವಂತಿದ್ದರೆ ಊರಿನ ಗತಿ ಏನಾಗುತ್ತಿತ್ತು!

ಇಲ್ಲಿ ನಮ್ಮ ಎತ್ತಿನ ಮಾತು ಬರುವುದು ಸಹಜ. ನಮ್ಮ ಎತ್ತಿಗೆ ದೇವರು ಹೆಗಲಿನ ಮೇಲೆ ಹಿಣಿಲನ್ನು ಕೊಟ್ಟಿದ್ದಾನೆ. ಅದರ ಮುಂದೆ ನೊಗವನ್ನಿಟ್ಟರೆ ಅದು ಹಿಂದಕ್ಕೆ ಜಾರದು. ಒಂದು ಮರದ ತುಂಡು, ಎರಡು ಗೂಟ, ಒಂದು ಹಗ್ಗ, ಇಷ್ಟಾದರೆ ಉಳುಮೆಯ ಸಜ್ಜು ಮುಗಿಯಿತು. ಕುದುರೆಗೆ ಹಿಣಿಲಿಲ್ಲ, ಕತ್ತು ಮೇಲಕ್ಕೆ ನೀಳವಾಗಿ ಎದ್ದಿರುವುದು. ನೊಗವಾಗಲಿ ಕೊರಳಿಗೆ ಕಟ್ಟಿದ ಪಟ್ಟಿಯಾಗಲಿ ಮೇಲೆ ಸರಿದು ಉಸಿರುಗೊಳವೆಯನ್ನೊತ್ತುವುದು. ಪುರಾತನ ಕಾಲದವರು ಕುದುರೆಗೆ ಭಾರವಾದ ಬಂಡಿಯನ್ನು ಕಟ್ಟದೆ ಹಗುರವಾದ ರಥವನ್ನು ಮಾತ್ರ ಕಟ್ಟಿದ್ದು ಇದರಿಂದಲೇ ಎಂದು ಲೆಫೆವ್ರ್ ದೆ ನೊಯೆತ್ ಎಂಬ ಫ್ರೆಂಚ್ ಸೇನಾಧಿಕಾರಿಯು 1931ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಾದಿಸಿದನು. ಆ ಮೇಲೆ ಹಳೆಯ ಸಜ್ಜುಗಳನ್ನು ಚಿತ್ರಗಳಲ್ಲಿರುವಂತೆಯೇ ಮಾಡಿಸಿ ಪರೀಕ್ಷಿಸಿದವರು, ಅವನ ಮಾತಿನಲ್ಲಿ ಅತಿಶಯವಿದೆಯೆಂದೂ ಪುರಾತನರ ಸಜ್ಜು ಅಷ್ಟೇನೂ ಕೆಟ್ಟದಾಗಿರಲಿಲ್ಲವೆಂದೂ ತೋರಿಸಿದರು. ಅದು ಹೇಗಾದರೂ ಇರಲಿ, ಭುಜದ ಮೂಳೆಗಳ ಮೇಲೆ ಕೂರುವ, ಒಳಗೆ ಮೆತ್ತೆ ತುಂಬಿದ ಗಟ್ಟಿ ಕಾಲರು ಚೀನಾ ದೇಶದಲ್ಲಿ ಮೊದಲು ಬಂದು, ಕ್ರಿಸ್ತಶಕ ಸಾವಿರದ ಹೊತ್ತಿಗೆ ಯೂರೋಪಿನಲ್ಲಿ ನೆಲೆಗೊಂಡ ಮೇಲೆಯೇ ಕುದುರೆಯು ಹೊಲಕ್ಕಿಳಿಯಿತು. ಹನ್ನೊಂದನೆಯ ಶತಮಾನದ ಪ್ರಸಿದ್ಧವಾದ ಬೇಯೋ ಕಸೂತಿಪಟದ ಅಂಚಿನಲ್ಲಿ ಕುದುರೆಯೊಂದು ಹೊಲದಲ್ಲಿ ಹಲುಬೆಯನ್ನೆಳೆಯುವ ಚಿತ್ರವುಂಟು. ಹೊಲಿಗೆಯ ತರಗತಿಯಲ್ಲಿ ಬೇಸರಪಡುವ ಹುಡುಗಿಯರಿಗೆ ಈ ಸಂಗತಿಯನ್ನು ನಾವು ಹೇಳುವುದುಂಟು: ಸೂಜಿ ಹಿಡಿದ ಯಾವಳೋ ಒಬ್ಬಳು ಅಂಚಿನಲ್ಲಿ ಹಾಕಿದ ನಾಲ್ಕು ಹೊಲಿಗೆಗಳು ಇಂದು ಕೃಷಿಯ ಇತಿಹಾಸಕ್ಕೆ ಸಾಕ್ಷಿಯಾಗಿವೆ.

ಆದರೂ ಎತ್ತು ಒಮ್ಮೆಲೇ ಸೋಲಲಿಲ್ಲ. ಹದಿಮೂರನೆಯ ಶತಮಾನದಲ್ಲಿ ವಾಲ್ಟರ್ ಆಫ್ ಹೆನ್ಲಿ ಎಂಬ ಇಂಗ್ಲಿಷ್ ಗ್ರಂಥಕಾರನು ಕುದುರೆಗಿಂತ ಎತ್ತನ್ನು ಸಾಕುವುದೇ ಅಗ್ಗವೆಂದು ಲೆಕ್ಕ ಸಹಿತವಾಗಿ ಬರೆದನು. ನಮ್ಮ ರೈತನೂ ಇದನ್ನು ಒಪ್ಪುವನು. ಎತ್ತು ಒಣಹುಲ್ಲನ್ನು ತಿಂದು ಮೆಲುಕುಹಾಕಿ ತೃಪ್ತಿಪಡುವುದು. ಕುದುರೆಗೆ ಮೆಲುಕಿಲ್ಲ, ಹೊಟ್ಟೆಯು ಚಿಕ್ಕದು, ದುಡಿಯುವ ಕುದುರೆಗೆ ಕಾಳು ಹಾಕಲೇಬೇಕು, ಅದೂ ಹಲವು ಸಲ. ಕುದುರೆಯ ಗುಣವೆಂದರೆ ವೇಗ. ಅಷ್ಟೇ ಭಾರವನ್ನು ಅದು ಎತ್ತಿಗಿಂತ ಬೇಗ ಮುಟ್ಟಿಸುವುದು. ಎಲ್ಲಿ ಓಟ್ಸ್ ಬೆಳೆಯು ಸಮೃದ್ಧವಾಗಿಯೂ ಬೇಸಗೆಯು ತಂಪಾಗಿಯೂ ಇತ್ತೋ ಅಲ್ಲಿ ಕುದುರೆಯು ಗೆದ್ದಿತು. ನಮ್ಮ ಬಿಸಿಲಿನಲ್ಲಿ ಟನ್ನು ತೂಗುವ ಕುದುರೆಯು ತನ್ನ ಮೈಯ ಕಾವನ್ನು ಹೊರಗೆಡಹಲಾರದೆ ಬಳಲುವುದು. ಅದರ ಹೊಟ್ಟೆಯನ್ನು ತುಂಬಿಸುವಷ್ಟು ಕಾಳು ಇಲ್ಲಿ ಮನುಷ್ಯರಿಗೇ ಬೇಕು. ನಮ್ಮ ಸೀಮೆಯಲ್ಲಿ ಆ ಕೆಲಸವನ್ನು ಅಮೃತಮಹಲ್ ತಳಿಯ ಎತ್ತುಗಳೇ ಮಾಡಿದವು. ಮೈಸೂರಿನ ಅರಸರು ಕಟ್ಟಿ ಬೆಳೆಯಿಸಿದ ಆ ಮಂದೆಯ ಎತ್ತುಗಳು ಹೈದರ್ ಮತ್ತು ಟೀಪುವಿನ ತೋಪುಗಳನ್ನು ಎಳೆದವು; 1799ರ ಅನಂತರ ಆರ್ಥರ್ ವೆಲ್ಲೆಸ್ಲಿಯ ದಂಡಿಗೂ ಅವೇ ಆಧಾರವಾದವು.

ಭಾರೀ ಕುದುರೆಗಳು ಕಬ್ಬಿಣದ ಕವಚ ತೊಟ್ಟ ವೀರರನ್ನು ಹೊತ್ತ ಯುದ್ಧಾಶ್ವಗಳ ಸಂತತಿಯೆಂದು ಪುಸ್ತಕಗಳಲ್ಲಿ ಬಹುಕಾಲದಿಂದ ಬರೆಯುತ್ತಾ ಬಂದರು. ಕೇಳುವುದಕ್ಕೆ ಸೊಗಸಾದ ಕಥೆ. ಆದರೆ ಇಂಗ್ಲೆಂಡಿನ 171 ಪ್ರಾಚೀನ ಸ್ಥಳಗಳಲ್ಲಿ ಸಿಕ್ಕಿದ ಕುದುರೆಯ ಮೂಳೆಗಳನ್ನು ಅಳೆದ ವಿದ್ವಾಂಸರು 2022ರಲ್ಲಿ ಪ್ರಕಟಿಸಿದುದೇನೆಂದರೆ, ಆ ಕಾಲದ ಕುದುರೆಗಳಲ್ಲಿ ಬಹುಪಾಲು 15 ಕೈ ಎತ್ತರಕ್ಕೂ ಬರುತ್ತಿರಲಿಲ್ಲ. ಎಂಟನೆಯ ಹೆನ್ರಿ ಅರಸನು 1540ರ ಸುಮಾರಿಗೆ, 15 ಕೈಗಿಂತ ಗಿಡ್ಡವಾದ ಬೀಜದ ಕುದುರೆಗಳನ್ನು ಸಾರ್ವಜನಿಕ ಹುಲ್ಲುಗಾವಲಿಗೆ ಬಿಡಕೂಡದೆಂದು ಕಾನೂನು ಮಾಡಬೇಕಾಯಿತೆಂಬುದರಿಂದಲೇ ಗಿಡ್ಡ ಕುದುರೆಗಳು ಎಷ್ಟಿದ್ದವೆಂದು ತಿಳಿಯಬಹುದು. ನಿಜವಾದ ಭಾರೀ ಕುದುರೆಯು ವೀರರ ಕಾಲದ್ದಲ್ಲ. ರಸ್ತೆ, ಕಾಲುವೆ, ಕಲ್ಲಿದ್ದಲು, ಕಾರ್ಖಾನೆಗಳ ಕಾಲದ್ದು. ಹಾಲೆಂಡ್ ಮತ್ತು ಫ್ಲಾಂಡರ್ಸ್ ದೇಶಗಳ ದೊಡ್ಡ ಕಪ್ಪು ಕುದುರೆಗಳನ್ನು ತಂದು ಸ್ವದೇಶದ ಹೆಣ್ಣುಕುದುರೆಗಳೊಡನೆ ಕೂಡಿಸಿ ತಳಿಯನ್ನು ಹಿರಿದು ಮಾಡಿದರು. ಹದಿನೆಂಟನೆಯ ಶತಮಾನದಲ್ಲಿ ಲೆಸ್ಟರ್ ಸೀಮೆಯ ರಾಬರ್ಟ್ ಬೇಕ್‌ವೆಲ್ ಎಂಬ ರೈತನು ಕುರಿಗಳಲ್ಲಿ ಮಾಡಿದಂತೆಯೇ ಕುದುರೆಗಳಲ್ಲಿಯೂ ಬೇಕಾದ ಗುಣಗಳನ್ನು ಆರಿಸಿ ಬೆಳೆಯಿಸುವ ಕ್ರಮವನ್ನು ತೋರಿಸಿದನು.

ತಳಿಗಳೆಲ್ಲವನ್ನು ವರ್ಣಿಸುವುದಕ್ಕೆ ಸ್ಥಳವಿಲ್ಲ. ಸ್ಕಾಟ್ಲೆಂಡಿನ ಕ್ಲೈಡ್ ನದಿಯ ಕಣಿವೆಯಲ್ಲಿ ಹುಟ್ಟಿದ ಕ್ಲೈಡ್ಸ್‌ಡೇಲ್ ಕುದುರೆಯು ಮೊಣಕಾಲಿನ ಕೆಳಗೆ ರೇಷ್ಮೆಯಂತಹ ಬಿಳಿಯ ಕೂದಲನ್ನು ಬಿಟ್ಟು, ಗೊರಸನ್ನು ಎತ್ತಿ ಎತ್ತಿ ನಡೆಯುವುದು; 1911ನೆಯ ಒಂದೇ ವರ್ಷದಲ್ಲಿ 1,617 ಬೀಜದ ಕುದುರೆಗಳು ಬ್ರಿಟನ್ನಿನಿಂದ ಹೊರದೇಶಗಳಿಗೆ ಹಡಗನ್ನೇರಿದವು. ಆಸ್ಟ್ರೇಲಿಯದ ಹೊಲಗಳನ್ನು ಬಹುಮಟ್ಟಿಗೆ ಉತ್ತವು ಇವೇ. ಫ್ರಾನ್ಸಿನ ಪೆರ್ಶ್ ಸೀಮೆಯ ಪೆರ್ಶೆರಾನ್ ಕುದುರೆಗಳು ಹೆಚ್ಚಾಗಿ ಬೂದುಬಿಳುಪು ಬಣ್ಣದವು. ಪ್ಯಾರಿಸ್ ನಗರದ ಬೀದಿಗಳಲ್ಲಿ ಜನರನ್ನು ಕೂರಿಸಿಕೊಂಡ ಭಾರೀ ಬಂಡಿಗಳನ್ನು ಎಳೆದು ಓಡುವ ಕೆಲಸವು ಇವುಗಳ ಪಾಲಿಗಿತ್ತು.

ನಮಗೆ ಹೆಚ್ಚು ಪ್ರಿಯವಾದುದು ಇಂಗ್ಲೆಂಡಿನ ಪೂರ್ವ ತೀರದ ಸಫೋಕ್ ಪಂಚ್. ಪಂಚ್ ಎಂದರೆ ಗಿಡ್ಡಾಗಿಯೂ ದಪ್ಪಗೂ ಇರುವವನೆಂದು ಅರ್ಥ. ಈ ತಳಿಯಲ್ಲಿ ಒಂದೇ ಬಣ್ಣ, ಕಂದುಗೆಂಪು. ಬೇರೆ ಬಣ್ಣವೇ ಇಲ್ಲ. ಶಾಯರ್ ಮತ್ತು ಕ್ಲೈಡ್ಸ್‌ಡೇಲ್ ಕುದುರೆಗಳಿಗಿರುವಂತೆ ಕಾಲಿನಲ್ಲಿ ಕೂದಲ ಜೊಂಪೆಯಿಲ್ಲ, ಏಕೆಂದರೆ ಆ ಸೀಮೆಯ ಮಣ್ಣು ಅಂಟುಮಣ್ಣು. ಕೂದಲಿದ್ದರೆ ಕೆಸರು ಮೆತ್ತಿಕೊಂಡು ಚರ್ಮವು ಹುಣ್ಣಾಗುವುದು. ಮನುಷ್ಯನ ಅವಶ್ಯಕತೆಯು ತಳಿಯನ್ನು ತಿದ್ದಿದರೆ ಪ್ರಾಣಿಗೆ ಇಂತಹ ಉಪಕಾರವಾಗುವುದು. ಮನುಷ್ಯನ ಶೋಕಿಯು ತಿದ್ದಿದರೆ ಅಪಕಾರವೇ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರದರ್ಶನಗಳಲ್ಲಿ ಬಹುಮಾನ ಕೊಡುವವರು ಕಾಲಿನ ಕೂದಲು ಹೆಚ್ಚಿದಷ್ಟೂ ಚೆಲುವೆಂದು ಮೆಚ್ಚತೊಡಗಿದರು. ಶಾಯರ್ ಕುದುರೆಗಳ ಕಾಲುಗಳಲ್ಲಿ ಕೂದಲೂ ಬೆಳೆಯಿತು, ಅದರೊಳಗೆ ಚರ್ಮರೋಗವೂ ಬೆಳೆಯಿತು.

ಇವುಗಳ ದುಡಿಮೆಯನ್ನು ಇಂದು ಕಲ್ಪಿಸಿಕೊಳ್ಳುವುದೂ ಕಷ್ಟ. ರೈಲು ಬಂದ ಮೇಲೆ ಕುದುರೆಯ ಕೆಲಸವು ಕಡಮೆಯಾಯಿತೆಂದು ನಾವು ಎಣಿಸುವುದುಂಟು. ನಿಜವಾಗಿ ಆದುದು ಅದಕ್ಕೆ ವಿರುದ್ಧ. ರೈಲು ತಂದಿಳಿಸಿದ ಸರಕನ್ನೆಲ್ಲಾ ಮನೆಮನೆಗೆ ಅಂಗಡಿಅಂಗಡಿಗೆ ಮುಟ್ಟಿಸುವವರು ಯಾರು? ಕುದುರೆಗಳೇ. ಒಳ್ಳೆಯ ರಸ್ತೆಯಲ್ಲಿ ಒಂದು ಕುದುರೆಯು ಒಂದೆರಡು ಟನ್ನುಗಳನ್ನೆಳೆದರೆ, ಕಾಲುವೆಯ ದಡದಲ್ಲಿ ನಡೆಯುತ್ತಾ ಅದೇ ಕುದುರೆಯು 25-30 ಟನ್ನು ತುಂಬಿದ ದೋಣಿಯನ್ನು ಎಳೆಯುತ್ತಿತ್ತು. ನೀರಿನಲ್ಲಿ ತಡೆಯು ಅಷ್ಟು ಕಡಮೆ. 1924ರಲ್ಲಿ ವೆಂಬ್ಲಿಯ ಪ್ರದರ್ಶನದಲ್ಲಿ ಜೋಡಿ ಶಾಯರ್ ಕುದುರೆಗಳು ಎಳೆದಾಗ ಬಲಮಾಪಕದ ಮುಳ್ಳು ಕೊನೆಯನ್ನು ಮುಟ್ಟಿ ನಿಂತುಬಿಟ್ಟಿತು, 50 ಟನ್ನಿಗೆ ಸಮನಾದ ಎಳೆತವೆಂದು ಅಂದಾಜುಮಾಡಿದರು. ಮುಳ್ಳು ತೋರಿಸದ ಮೇಲೆ ಅಂದಾಜನ್ನು ಅಂದಾಜೆಂದೇ ತಿಳಿಯುವುದು ಲೇಸು.

ಇಂತಹ ಪ್ರಾಣಿಯನ್ನು ಅದರ ಯಜಮಾನರು ಹೇಗೆ ನಡೆಯಿಸಿಕೊಂಡರು? ತಲೆ ತಗ್ಗಿಸುವ ಸಂಗತಿಯನ್ನು ಮೇಲೆ ಹೇಳಿದೆವಷ್ಟೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬೇರಿಂಗ್ ರೇನ್ ಎಂಬ ಬಿಗಿಲಗಾಮೊಂದು ಬಳಕೆಯಲ್ಲಿತ್ತು. ಕುದುರೆಯ ಬಾಯಿಂದ ಬೆನ್ನಿನ ಪಟ್ಟಿಗೆ ಅದನ್ನು ಬಿಗಿದು ಕಟ್ಟಿದರೆ ತಲೆಯು ಯಾವಾಗಲೂ ಮೇಲೆತ್ತಿರುವುದು, ನೋಡುವವರಿಗೆ ಠೀವಿಯಾಗಿ ಕಾಣುವುದು. ಸಿರಿವಂತರ ಸಾರೋಟಿನ ಕುದುರೆಗಳಿಂದ ಈ ಪದ್ಧತಿಯು ಸರಕಿನ ಬಂಡಿಯ ಕುದುರೆಗಳಿಗೂ ಇಳಿಯಿತು. ಭಾರವನ್ನೆಳೆಯುವಾಗ ತಲೆಯನ್ನು ತಗ್ಗಿಸಲಾರದ ಕುದುರೆಯು ತನ್ನ ತೂಕವನ್ನು ಮುಂದಕ್ಕೆ ಒಪ್ಪಿಸಲಾರದು. ಬರಿಯ ಮಾಂಸದ ಬಲದಿಂದ ಎಳೆಯಬೇಕಾಗುವುದು. ಬಾಯಿ ಹರಿಯುವುದು, ಉಸಿರು ಕಟ್ಟುವುದು. ಚಾವಟಿಯ ಏಟು ಬೇರೆ.

ಇದನ್ನು ಲೋಕಕ್ಕೆ ತಿಳಿಸಿದವಳು ಯಂತ್ರಶಾಸ್ತ್ರಜ್ಞನಲ್ಲ, ಒಬ್ಬ ಅಂಗವಿಕಲ ಸ್ತ್ರೀ. 1820ರಲ್ಲಿ ಕ್ವೇಕರ್ ಪಂಥದ ಕುಟುಂಬದಲ್ಲಿ ಹುಟ್ಟಿದ ಆ್ಯನಾ ಸೂವೆಲ್ ಎಂಬವಳು ಹದಿನಾಲ್ಕನೆಯ ವಯಸ್ಸಿನಲ್ಲಿ ಜಾರಿಬಿದ್ದು ಪಾದದ ಕೀಲುಗಳನ್ನು ಕೆಡಿಸಿಕೊಂಡು, ಜೀವಮಾನವೆಲ್ಲಾ ಸರಿಯಾಗಿ ನಡೆಯಲಾರದವಳಾದಳು. ನಡೆಯಲಾರದವಳಿಗೆ ಕುದುರೆಯ ಬಂಡಿಯೇ ಕಾಲು. ಹೀಗೆ ಕುದುರೆಗಳ ಸ್ವಭಾವವನ್ನು ಅವಳು ಬಲ್ಲವಳಾದಳು. ಕೊನೆಯ ವರ್ಷಗಳಲ್ಲಿ ಹಾಸಿಗೆ ಹಿಡಿದಿದ್ದಾಗ, ಕೆಲವು ಭಾಗಗಳನ್ನು ತಾನೇ ಬರೆದು ಕೆಲವನ್ನು ತಾಯಿಯಿಂದ ಬರೆಯಿಸಿ 'ಬ್ಲ್ಯಾಕ್ ಬ್ಯೂಟಿ' ಎಂಬ ಗ್ರಂಥವನ್ನು ಮುಗಿಸಿದಳು. ಅದು 1877ರಲ್ಲಿ ಅಚ್ಚಾಯಿತು. 1878ರಲ್ಲಿ ಅವಳು ತೀರಿಕೊಂಡಳು. ಶಾಲೆಯಲ್ಲಿ ಆ ಪುಸ್ತಕವನ್ನು ಓದಿದವರಿಗೆ, ಭಾರದ ಬಂಡಿಯನ್ನು ದಿಣ್ಣೆಗೆ ಏರಿಸಲಾರದ ಕುದುರೆಯನ್ನು ಬಂಡಿಯವನು ಹೊಡೆಯುತ್ತಿರಲು, ದಾರಿಹೋಕಳಾದ ಸ್ತ್ರೀಯೊಬ್ಬಳು ಆ ಬಿಗಿಲಗಾಮನ್ನು ಸಡಿಲಿಸೆಂದು ಹೇಳುವ ಅಧ್ಯಾಯವು ನೆನಪಿದ್ದೀತು. ಆಕೆಯು ಬಂಡಿಯವನಿಗೆ ಶಾಪಹಾಕುವುದಿಲ್ಲ; ತಲೆಯು ಸಡಿಲವಾಗಿದ್ದರೆ ಮಾತ್ರ ಕುದುರೆಯು ತನ್ನ ಮೈಭಾರವನ್ನೆಲ್ಲಾ ಎಳೆತಕ್ಕೆ ಕೊಡಬಲ್ಲದೆಂದು ಕಾರಣವನ್ನು ವಿವರಿಸುತ್ತಾಳೆ. ದಯೆಯೂ ತಿಳಿವಳಿಕೆಯೂ ಕೂಡಿದ ಆ ಮಾತು ಸಾವಿರ ಉಪದೇಶಗಳು ಮಾಡದ ಕೆಲಸವನ್ನು ಮಾಡಿತು. ಬಿಗಿಲಗಾಮಿನ ವಿರುದ್ಧವಾಗಿ ನಡೆದ ಚಳವಳಕ್ಕೆ ಈ ಗ್ರಂಥವು ದೊಡ್ಡ ಬಲವಾಯಿತು. ಬಾಲವು ಲಗಾಮಿಗೆ ಸಿಕ್ಕುವುದೆಂಬ ನೆವದಿಂದ ಬಾಲದ ಮೂಳೆಯನ್ನೇ ಕತ್ತರಿಸಿ, ನೊಣಗಳನ್ನು ಅಟ್ಟಲಾರದಂತೆ ಮಾಡುವ ಪದ್ಧತಿಯು ಮಾತ್ರ ಬಹುಕಾಲ ಉಳಿದಿತ್ತು. ಬ್ರಿಟನ್ನಿನಲ್ಲಿ ಅದನ್ನು ನಿಷೇಧಿಸುವ ಕಾನೂನು 1949ರಲ್ಲಿ ಆಯಿತು.

1914ರ ಮಹಾಯುದ್ಧವು ಈ ಕುದುರೆಗಳನ್ನು ಹೊಲಗಳಿಂದ ಎಳೆದೊಯ್ದಿತು. ಬ್ರಿಟಿಷ್ ಸೈನ್ಯದಲ್ಲಿ ಸುಮಾರು 25,000 ಇದ್ದ ಕುದುರೆಗಳ ಸಂಖ್ಯೆಯು ಹನ್ನೆರಡು ದಿನಗಳಲ್ಲಿ 1,65,000ಕ್ಕೆ ಏರಿತು. ರೈತನ ಮನೆಯಲ್ಲಿ ಹೆಸರು ಕೂಗಿದರೆ ತಲೆಯಾಡಿಸುತ್ತಿದ್ದ ಪ್ರಾಣಿಗಳು ಅವು. ಭಾರವಾದ ತೋಪೊಂದಕ್ಕೆ ಎಂಟು ಕುದುರೆಗಳನ್ನು ಕಟ್ಟುತ್ತಿದ್ದರು. ಫ್ಲಾಂಡರ್ಸಿನ ಕೆಸರಿನಲ್ಲಿ ಅವೂ ಸಾಲದೆಹೋದವು. ಕಾಲಿನಲ್ಲಿ ಕೂದಲಿಲ್ಲದ ಪೆರ್ಶೆರಾನ್ ಕುದುರೆಗಳ ಗುಣವನ್ನು ಬ್ರಿಟಿಷರು ಆ ಕೆಸರಿನಲ್ಲಿಯೇ ಕಂಡು, ಯುದ್ಧವು ಮುಗಿದ ಮೇಲೆ ತಮ್ಮ ದೇಶಕ್ಕೂ ತಂದರು. ಎಲ್ಲಾ ಪಕ್ಷಗಳ ಕುದುರೆ, ಹೇಸರಗತ್ತೆ, ಕತ್ತೆಗಳು ಸೇರಿ ಆ ಯುದ್ಧದಲ್ಲಿ ಸುಮಾರು 80 ಲಕ್ಷ ಪ್ರಾಣಿಗಳು ಸತ್ತವೆಂದು ಎಣಿಕೆ. ಮೈಸೂರಿನ ಲ್ಯಾನ್ಸರ್ ದಳವು 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿಯುವುದರಲ್ಲಿ ತೋರಿದ ಪರಾಕ್ರಮವನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಸವಾರರ ಕುದುರೆಗಳಿಗಾದರೂ ಸ್ಮಾರಕಗಳಲ್ಲಿ ಸ್ಥಾನವುಂಟು. ತೋಪಿನ ಬಂಡಿಯನ್ನೂ ರೊಟ್ಟಿಯ ಬಂಡಿಯನ್ನೂ ಎಳೆದ ಕುದುರೆಗಳನ್ನು ನೆನೆಯುವವರು ಕಡಮೆ.

ಯುದ್ಧವು ಮಾಡಲಾರದ್ದನ್ನು ಟ್ರ್ಯಾಕ್ಟರು ಮಾಡಿತು. ದಿನವೂ ತಿನ್ನುವ ಕುದುರೆಗಿಂತ ದುಡಿಯುವಾಗ ಮಾತ್ರ ಕುಡಿಯುವ ಯಂತ್ರವು ಲಾಭವೆಂದು ರೈತನಿಗೆ ತೋರಿತು. ಅಮೆರಿಕದಲ್ಲಿ ಬೆಲ್ಜಿಯನ್ ತಳಿಯ ಕುದುರೆಗಳು 1937ರಲ್ಲಿ 3,196 ದಾಖಲಾಗಿದ್ದರೆ, 1952ರಲ್ಲಿ ಇನ್ನೂರೂ ದಾಖಲಾಗಲಿಲ್ಲ. ಎರಡನೆಯ ಮಹಾಯುದ್ಧದ ಅನಂತರ ಬ್ರಿಟನ್ನಿನಲ್ಲಿ ಮುದಿಯಾಗದ, ರೋಗವಿಲ್ಲದ ಕುದುರೆಗಳು ಸಾವಿರಗಟ್ಟಲೆಯಾಗಿ ಕಸಾಯಿಖಾನೆಗೆ ಹೋದವು. ತಂದೆಯು ಕಟ್ಟಿದ ತಳಿಯನ್ನು ಮಗನು ತೂಕದ ಲೆಕ್ಕದಲ್ಲಿ ಮಾರಿದನು. ಅವನನ್ನು ದೂರುವುದೂ ಸುಲಭವಲ್ಲ. ಕೆಲಸವಿಲ್ಲದ ಒಂದು ಟನ್ನು ತೂಕದ ಹೊಟ್ಟೆಯನ್ನು ಬಡ ಒಕ್ಕಲಿಗನು ಎಷ್ಟು ದಿನ ತುಂಬಿಸುವನು? 1966ರಲ್ಲಿ ಸಫೋಕ್ ತಳಿಯಲ್ಲಿ ಹುಟ್ಟಿ ದಾಖಲಾದ ಮರಿಗಳು ಒಂಬತ್ತೇ ಒಂಬತ್ತು.

ಆದರೂ ತಳಿಗಳು ಅಳಿಯಲಿಲ್ಲ. ಅಮೆರಿಕದ ಆಮಿಶ್ ಎಂಬ ಕ್ರೈಸ್ತ ಪಂಗಡದವರು ತಮ್ಮ ಹೊಲಗಳಲ್ಲಿ ಟ್ರ್ಯಾಕ್ಟರನ್ನು ಬಳಸದೆ ಬೆಲ್ಜಿಯನ್ ಮತ್ತು ಪೆರ್ಶೆರಾನ್ ಕುದುರೆಗಳಿಂದಲೇ ಉಳುತ್ತಾ ಬಂದುದು ಆ ತಳಿಗಳಿಗೆ ಆಶ್ರಯವಾಯಿತು. ಯೂರೋಪಿನ ಕಾಡುಗಳಲ್ಲಿ, ಯಂತ್ರದ ಚಕ್ರಗಳು ನೆಲವನ್ನು ತುಳಿದು ಎಳೆಯ ಸಸಿಗಳನ್ನು ಕೆಡಿಸುವ ಎಡೆಗಳಲ್ಲಿ, ಕಡಿದ ಮರಗಳನ್ನು ಹೊರಗೆಳೆಯುವುದಕ್ಕೆ ಈಗಲೂ ಕುದುರೆಗಳನ್ನು ಕರೆಯುವುದುಂಟು. ಇಂಗ್ಲೆಂಡಿನ ಅರಮನೆಯ ಸವಾರರ ದಳದಲ್ಲಿ ಬೆಳ್ಳಿಯ ನಗಾರಿಗಳನ್ನು ಹೊತ್ತು ಮೆರವಣಿಗೆಯಲ್ಲಿ ನಡೆಯುವ ಕುದುರೆಯೂ ಈ ಭಾರೀ ಜಾತಿಯದೇ. ನಗಾರಿಯವನ ಎರಡು ಕೈಗಳೂ ಕೋಲು ಹಿಡಿದಿರುವುದರಿಂದ ಲಗಾಮನ್ನು ಅವನ ಕಾಲುಗಳಿಗೆ ಕಟ್ಟಿರುವರು. ಕುದುರೆಯ ಶಾಂತಸ್ವಭಾವಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇರಿಲ್ಲ.

ಸಫೋಕ್ ಕುದುರೆಗಳ ಅತ್ಯಂತ ಹಳೆಯ ಮಂದೆಗಳಲ್ಲೊಂದು ಬಹುಕಾಲ ಹಾಲ್ಸ್ಲಿ ಬೇ ಎಂಬಲ್ಲಿಯ ಸೆರೆಮನೆಯ ಜಮೀನಿನಲ್ಲಿತ್ತು. ಕೈದಿಗಳೇ ಅವುಗಳಿಗೆ ಹುಲ್ಲು ಹಾಕಿ, ಮೈ ಉಜ್ಜಿ, ಮರಿಗಳನ್ನು ಪಳಗಿಸುತ್ತಿದ್ದರು. 2006ರಲ್ಲಿ ಸರಕಾರವು ಅದನ್ನು ಬಿಟ್ಟಾಗ ತಳಿಯ ಹಿತೈಷಿಗಳು ಹಣ ಕೂಡಿಸಿ ಒಂದು ದತ್ತಿಸಂಸ್ಥೆಯ ಮೂಲಕ ಕೊಂಡು ನಡೆಯಿಸುತ್ತಿದ್ದಾರೆ. ಉಳಿದಿರುವ ಕುದುರೆಗಳು ಕೆಲವೇ ಆದುದರಿಂದ, ಹತ್ತಿರದ ಸಂಬಂಧದಲ್ಲಿ ಕೂಡಿಸಿದರೆ ಮರಿಗಳು ದುರ್ಬಲವಾಗುವ ಭಯವುಂಟು. ಯಾವ ಹೆಣ್ಣಿಗೆ ಯಾವ ಗಂಡನ್ನು ಕೂಡಿಸಬೇಕೆಂಬುದನ್ನು ವಂಶಾವಳಿಯ ಪುಸ್ತಕವನ್ನು ಮುಂದಿಟ್ಟುಕೊಂಡು ಆಲೋಚಿಸುವರು. 1880ರಲ್ಲಿ ಆರಂಭವಾದ ಆ ಪುಸ್ತಕದಲ್ಲಿ ವರ್ಷವರ್ಷವೂ ಹೊಸ ಮರಿಗಳ ಹೆಸರುಗಳು ಸೇರುತ್ತಿವೆ. ಅವೆಲ್ಲವುಗಳ ವಂಶವೂ ಗಂಡಿನ ಕಡೆಯಿಂದ 1768ರಲ್ಲಿ ಹುಟ್ಟಿದ, ಅಫರ್ಡ್ ಊರಿನ ಕ್ರಿಸ್ಪ್ ಎಂಬ ರೈತನ ಒಂದು ಕಂದುಗೆಂಪು ಕುದುರೆಗೆ ಮುಟ್ಟುವುದು.